ಪೌರ ಯಾರು? ಡ್ರೆಡ್ ಸ್ಕಾಟ್ ತೀರ್ಪು ಉಳಿಸಿಹೋದ ಪ್ರಶ್ನೆ

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



1857 ಎಂದೊಡನೆ ನಮ್ಮ ನೆನಪು ಮೀರತ್‌ಗೆ, ದೆಹಲಿಯ ಕೆಂಪುಕೋಟೆಗೆ, ಬಹಾದುರ್ ಶಾ ಝಫರ್ ಎಂಬ ವೃದ್ಧ ದೊರೆಯ ಕಡೆಗೆ ಹೊರಳುತ್ತದೆ. ಮೀರತ್‌ನ ಸಿಪಾಯಿಗಳು ದಂಗೆಯೆದ್ದದ್ದು ಆ ವರ್ಷದ ಮೇ 10ರಂದು. ಅದಕ್ಕೆ ಎರಡು ತಿಂಗಳ ಹಿಂದೆ, ಮಾರ್ಚ್ 6ರಂದು, ಭೂಮಿಯ ಇನ್ನೊಂದು ಮಗ್ಗುಲಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ಒಂದು ತೀರ್ಪನ್ನು ನೀಡಿತು. ಆ ತೀರ್ಪಿನ ಹೆಸರು ಡ್ರೆಡ್ ಸ್ಕಾಟ್ ವಿರುದ್ಧ ಸ್ಯಾಂಡ್‌ಫೋರ್ಡ್. ಇಂದು ನಾವು ಮಾತನಾಡಬೇಕೆಂದಿರುವುದು ಆ ತೀರ್ಪಿನ ಬಗ್ಗೆ, ಮತ್ತು ಅದು ಉಳಿಸಿಹೋದ ಪರಿಣಾಮಗಳ ಬಗ್ಗೆ.

ದೂರದ ದೇಶದ ಹಳೆಯ ಮೊಕದ್ದಮೆಯೊಂದು ನಮಗೇಕೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅನ್ಯಾಯವು ಸದಾ ಖಡ್ಗ ಹಿಡಿದು ಬರುವುದಿಲ್ಲ. ಕೆಲವೊಮ್ಮೆ ಅದು ನ್ಯಾಯಾಧೀಶರ ನಿಲುವಂಗಿ ತೊಟ್ಟು, ಸಂವಿಧಾನದ ಪುಟಗಳನ್ನು ಕೈಯಲ್ಲಿ ಹಿಡಿದು, ಗಂಭೀರವಾದ ಭಾಷೆಯಲ್ಲಿ ಮಾತನಾಡುತ್ತದೆ. ಅಂತಹ ಅನ್ಯಾಯವನ್ನು ಗುರುತಿಸುವುದು ಹೇಗೆ, ಅದನ್ನು ಎದುರಿಸುವುದು ಹೇಗೆ, ಅದು ಅಳಿದ ಮೇಲೂ ಸಮಾಜದಲ್ಲಿ ಉಳಿಯುವುದು ಏನು ಎಂಬುದನ್ನು ಈ ಪ್ರಕರಣದಿಂದ ಕಲಿಯಬಹುದಾಗಿದೆ.

ಡ್ರೆಡ್ ಸ್ಕಾಟ್ ಹುಟ್ಟಿದ್ದು ಸುಮಾರು 1799ರಲ್ಲಿ, ವರ್ಜೀನಿಯಾದಲ್ಲಿ, ಗುಲಾಮನಾಗಿ. ಅವನಿಗೆ ಓದು ಬರಹ ತಿಳಿದಿರಲಿಲ್ಲ. ಅವನ ಮೊದಲ ಯಜಮಾನ ಪೀಟರ್ ಬ್ಲೋ ಎಂಬವನು ತನ್ನ ಕುಟುಂಬದೊಂದಿಗೆ ಅವನನ್ನೂ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರಕ್ಕೆ ಕರೆತಂದನು. ಅಲ್ಲಿ ಅವನು ಜಾನ್ ಎಮರ್ಸನ್ ಎಂಬ ಸೇನಾ ವೈದ್ಯನಿಗೆ ಮಾರಾಟವಾದನು. ವೈದ್ಯನಿಗೆ ವರ್ಗಾವಣೆಯಾದ ಕಡೆಗೆಲ್ಲ ಗುಲಾಮನೂ ಹೋಗಬೇಕು. ಹೀಗೆ ಅವನು ಮೊದಲು ಇಲಿನಾಯ್ ರಾಜ್ಯಕ್ಕೆ, ಬಳಿಕ 1836ರಲ್ಲಿ ಇಂದಿನ ಮಿನ್ನೆಸೋಟಾದಲ್ಲಿರುವ ಸ್ನೆಲಿಂಗ್ ಕೋಟೆಗೆ ಹೋದನು.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಆ ಕಾಲದ ಅಮೆರಿಕಾ ಅರ್ಧ ಗುಲಾಮಗಿರಿಯ ದೇಶ, ಅರ್ಧ ಸ್ವತಂತ್ರ ದೇಶ. ಇಲಿನಾಯ್ ರಾಜ್ಯದ ಸಂವಿಧಾನವು ಗುಲಾಮ ಪದ್ಧತಿಯನ್ನು ನಿಷೇಧಿಸಿತ್ತು. ಸ್ನೆಲಿಂಗ್ ಕೋಟೆಯಿದ್ದ ಪ್ರದೇಶದಲ್ಲಿ 1820ರ ಮಿಸೌರಿ ಒಪ್ಪಂದ ಎಂಬ ಕೇಂದ್ರ ಕಾಯ್ದೆಯು ಅದನ್ನು ನಿಷೇಧಿಸಿತ್ತು. ಅಂದರೆ ಡ್ರೆಡ್ ಸ್ಕಾಟ್ ವರ್ಷಗಟ್ಟಲೆ ಸ್ವತಂತ್ರ ನೆಲದಲ್ಲಿ ಬದುಕಿದನು. ಅಲ್ಲಿಯೇ ಅವನು ಹ್ಯಾರಿಯೆಟ್ ರಾಬಿನ್‌ಸನ್ ಎಂಬ ಯುವತಿಯನ್ನು ವಿವಾಹವಾದನು. ಗುಲಾಮರ ವಿವಾಹಕ್ಕೆ ದಕ್ಷಿಣದ ರಾಜ್ಯಗಳಲ್ಲಿ ಕಾನೂನಿನ ಬೆಲೆಯಿರಲಿಲ್ಲ. ಆದರೆ ಇವರ ವಿವಾಹವನ್ನು ನ್ಯಾಯಾಧಿಕಾರ ಹೊಂದಿದ್ದ ಅಧಿಕಾರಿಯೊಬ್ಬನೇ ನೆರವೇರಿಸಿದ್ದನು. ಅವರ ಹಿರಿಯ ಮಗಳು ಎಲೈಝಾ 1838ರಲ್ಲಿ ಮಿಸಿಸಿಪ್ಪಿ ನದಿಯಲ್ಲಿ ಸಾಗುತ್ತಿದ್ದ ಹಡಗಿನಲ್ಲಿ, ಸ್ವತಂತ್ರ ಪ್ರದೇಶದ ನೀರಿನ ಮೇಲೆ ಹುಟ್ಟಿದಳು. ನಂತರ ಕುಟುಂಬವು ಮಿಸೌರಿಗೆ ಮರಳಿತು. 1843ರಲ್ಲಿ ವೈದ್ಯನು ತೀರಿಕೊಂಡನು. ಅವನ ವಿಧವೆ ಐರೀನ್ ಈ ದಂಪತಿಯನ್ನು ಇತರರ ಮನೆಗಳಲ್ಲಿ ದುಡಿಯಲು ಬಿಟ್ಟು ಅವರ ಕೂಲಿಯನ್ನು ತಾನು ಪಡೆಯುತ್ತಿದ್ದಳು.

1846ರ ಏಪ್ರಿಲ್ 6ರಂದು ಡ್ರೆಡ್ ಮತ್ತು ಹ್ಯಾರಿಯೆಟ್ ಇಬ್ಬರೂ ಸೇಂಟ್ ಲೂಯಿಸ್‌ನ ನ್ಯಾಯಾಲಯದಲ್ಲಿ ತಮ್ಮ ಸ್ವಾತಂತ್ರ್ಯಕ್ಕಾಗಿ ಪ್ರತ್ಯೇಕ ದಾವೆ ಹೂಡಿದರು. ಇದು ಅಸಾಧ್ಯದ ಕನಸಾಗಿರಲಿಲ್ಲ. ಸ್ವತಂತ್ರ ನೆಲದಲ್ಲಿ ವಾಸಕ್ಕೆ ಕರೆದೊಯ್ಯಲ್ಪಟ್ಟ ಗುಲಾಮನು ಒಮ್ಮೆ ಸ್ವತಂತ್ರನಾದರೆ ಸದಾ ಸ್ವತಂತ್ರನೆಂದು ಮಿಸೌರಿಯ ನ್ಯಾಯಾಲಯಗಳೇ 1824ರಿಂದ ತೀರ್ಪು ನೀಡುತ್ತ ಬಂದಿದ್ದವು. ಸೇಂಟ್ ಲೂಯಿಸ್‌ನ ಕಡತಗಳಲ್ಲಿ ಇಂತಹ ಸುಮಾರು 300 ದಾವೆಗಳು ಸಿಕ್ಕಿವೆ. ತಮ್ಮ ಇಬ್ಬರು ಹೆಣ್ಣುಮಕ್ಕಳು ಯಾವಾಗ ಬೇಕಾದರೂ ಸಂತೆಯಲ್ಲಿ ಮಾರಾಟವಾಗಬಹುದಾಗಿದ್ದ ತಂದೆ ತಾಯಿಯರಿಗೆ ಈ ದಾವೆಯಲ್ಲಿ ಏನು ಅಡಗಿತ್ತು ಎಂಬುದನ್ನು ಇಲ್ಲಿ ಕುಳಿತಿರುವ ಹೆತ್ತವರಿಗೆ ವಿವರಿಸಬೇಕಾಗಿಲ್ಲ.

ಆದರೆ ನ್ಯಾಯದ ದಾರಿ 11 ವರ್ಷಗಳಷ್ಟು ಉದ್ದವಾಯಿತು. 1847ರಲ್ಲಿ ಒಬ್ಬ ಸಾಕ್ಷಿಯ ಹೇಳಿಕೆ ಕೇಳಿ ತಿಳಿದದ್ದೆಂಬ ತಾಂತ್ರಿಕ ಕಾರಣದಿಂದ ದಾವೆ ಬಿದ್ದುಹೋಯಿತು. ಇವರನ್ನು ಗುಲಾಮರಾಗಿ ಇಟ್ಟುಕೊಂಡಿರುವುದು ಐರೀನ್ ಎಂದು ಸಾಬೀತಾಗಲಿಲ್ಲ, ಆದ್ದರಿಂದ ಇವರು ಐರೀನಳ ಬಳಿಯೇ ಗುಲಾಮರಾಗಿ ಉಳಿಯಬೇಕಾಯಿತು! 1850ರಲ್ಲಿ ಮರುವಿಚಾರಣೆ ನಡೆದು ಪಂಚರು ಇವರನ್ನು ಸ್ವತಂತ್ರರೆಂದು ಘೋಷಿಸಿದರು. ಆದರೆ 1852ರಲ್ಲಿ ಮಿಸೌರಿಯ ಉನ್ನತ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಕಾನೂನು ಬದಲಾಗಿರಲಿಲ್ಲ, ಸಾಕ್ಷ್ಯವೂ ಬದಲಾಗಿರಲಿಲ್ಲ. ಕಾಲ ಬದಲಾಗಿದೆ ಎಂದು ನ್ಯಾಯಾಲಯವೇ ಬಹಿರಂಗವಾಗಿ ಒಪ್ಪಿಕೊಂಡಿತು. ಗುಲಾಮಗಿರಿಯ ವಿರುದ್ಧ ಉತ್ತರದ ರಾಜ್ಯಗಳಲ್ಲಿ ಎದ್ದಿದ್ದ ಜನಾಭಿಪ್ರಾಯದ ಮೇಲಿನ ಸಿಟ್ಟನ್ನು ಅದು ಒಂದು ಬಡ ಕುಟುಂಬದ ಮೇಲೆ ತೀರಿಸಿಕೊಂಡಿತು. ಪ್ರಭುತ್ವವು ಹೆದರಿದಾಗ ಮೊದಲು ಬಲಿಯಾಗುವುದು ಹಳೆಯ ನ್ಯಾಯತತ್ವಗಳು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೆ?

ಬಳಿಕ ಪ್ರಕರಣವು ಕೇಂದ್ರ ನ್ಯಾಯಾಲಯಕ್ಕೆ ಹೋಯಿತು. ಈಗ ಪ್ರತಿವಾದಿ ಐರೀನಳ ಸಹೋದರ, ನ್ಯೂಯಾರ್ಕ್‌ನ ಜಾನ್ ಸ್ಯಾನ್‌ಫೋರ್ಡ್. ಅವನ ಹೆಸರನ್ನು ನ್ಯಾಯಾಲಯದ ದಾಖಲೆಯಲ್ಲಿ ತಪ್ಪಾಗಿ ಸ್ಯಾಂಡ್‌ಫೋರ್ಡ್ ಎಂದು ಬರೆಯಲಾಯಿತು. ಇತಿಹಾಸದಲ್ಲಿ ಆ ತಪ್ಪೇ ಉಳಿಯಿತು. ಹಳೆಯ ಯಜಮಾನ ಪೀಟರ್ ಬ್ಲೋನ ಮಕ್ಕಳು ದಾವೆಯ ವೆಚ್ಚಕ್ಕೆ ನೆರವಾದರು. ಮಾಂಟ್‌ಗಮರಿ ಬ್ಲೇರ್ ಎಂಬ ವಕೀಲರು ಶುಲ್ಕವಿಲ್ಲದೆ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿದರು.

ಅಂತಿಮ ತೀರ್ಪನ್ನು ಓದಿದವರು ಮುಖ್ಯ ನ್ಯಾಯಾಧೀಶ ರೋಜರ್ ಟಾನಿ. ಒಂಬತ್ತು ನ್ಯಾಯಾಧೀಶರ ಪೈಕಿ ಏಳು ಮಂದಿ ಡ್ರೆಡ್ ಸ್ಕಾಟ್‌ನ ವಿರುದ್ಧವಿದ್ದರು. ಟಾನಿಯವರ ತೀರ್ಪಿನ ಸಾರಾಂಶ ಹೀಗಿತ್ತು. ಒಂದು, ಆಫ್ರಿಕನ್ ಮೂಲದವರು ಗುಲಾಮರಾಗಿರಲಿ, ಸ್ವತಂತ್ರರಾಗಿರಲಿ, ಅಮೆರಿಕಾದ ಪೌರರಲ್ಲ. ಆದ್ದರಿಂದ ಕೇಂದ್ರ ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕೇ ಅವರಿಗಿಲ್ಲ. ಎರಡು, ಗುಲಾಮನು ಯಜಮಾನನ ಆಸ್ತಿ; ಸಂವಿಧಾನದ ಐದನೆಯ ತಿದ್ದುಪಡಿಯು ಆಸ್ತಿಯನ್ನು ರಕ್ಷಿಸುತ್ತದೆ; ಆದ್ದರಿಂದ ಹೊಸ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸುವ ಅಧಿಕಾರ ಸಂಸತ್ತಿಗಿಲ್ಲ, 1820ರ ಮಿಸೌರಿ ಒಪ್ಪಂದ ಸಂವಿಧಾನ ವಿರೋಧಿ. ಮೂರು, ಇಲಿನಾಯ್‌ನಲ್ಲಿ ಇದ್ದುಬಂದ ಮಾತ್ರಕ್ಕೆ ಮಿಸೌರಿಯಲ್ಲಿ ಅವನು ಸ್ವತಂತ್ರನಾಗುವುದಿಲ್ಲ. ಸಂವಿಧಾನ ರಚನೆಯಾದ ಕಾಲದಲ್ಲಿ ಕಪ್ಪು ವರ್ಣೀಯರನ್ನು ಎಷ್ಟು ಕೀಳಾಗಿ ಕಾಣಲಾಗುತ್ತಿತ್ತೆಂದರೆ, ಬಿಳಿಯನು ಗೌರವಿಸಲೇಬೇಕಾದ ಯಾವ ಹಕ್ಕೂ ಅವರಿಗಿರಲಿಲ್ಲ ಎಂಬ ಅರ್ಥದ ಮಾತನ್ನು ಟಾನಿ ಬರೆದರು. ಅಂದಿನ ಪೂರ್ವಗ್ರಹವನ್ನೇ ಅವರು ಸಂವಿಧಾನದ ಅರ್ಥವೆಂದು ಸ್ಥಾಪಿಸಿದರು.

ಟಾನಿ ಕ್ರೂರಿಯಾಗಿದ್ದರೇ? ಸಹೋದರರೇ, ಪಾಠ ಇರುವುದೇ ಇಲ್ಲಿ. ಅವರು ತಮಗೆ ಪಿತ್ರಾರ್ಜಿತವಾಗಿ ಬಂದಿದ್ದ ಗುಲಾಮರನ್ನು ಸ್ವತಃ ಬಿಡುಗಡೆ ಮಾಡಿದ್ದರು. 1819ರಲ್ಲಿ ವಕೀಲರಾಗಿದ್ದಾಗ ಗುಲಾಮಗಿರಿಯನ್ನು ಟೀಕಿಸಿದ ಪಾದ್ರಿಯೊಬ್ಬರ ಪರವಾಗಿ ವಾದಿಸಿ, ಅದು ದೇಶದ ಚಾರಿತ್ರ್ಯಕ್ಕೆ ಕಳಂಕವೆಂದು ಹೇಳಿದ್ದರು. ವೈಯಕ್ತಿಕ ಜೀವನದ ಸಜ್ಜನಿಕೆಯು ಸಾರ್ವಜನಿಕ ಅನ್ಯಾಯದಿಂದ ನಮ್ಮನ್ನು ತಾನಾಗಿ ಕಾಪಾಡುವುದಿಲ್ಲ ಎಂಬುದಕ್ಕೆ ಟಾನಿಯವರ ಬದುಕೇ ಸಾಕ್ಷಿ. ತೀರ್ಪಿಗೆ ಎರಡು ದಿನ ಮೊದಲು ಅಧ್ಯಕ್ಷ ಹುದ್ದೆಗೇರಿದ ಜೇಮ್ಸ್ ಬುಕಾನನ್, ನ್ಯಾಯಾಲಯ ಏನು ಹೇಳಿದರೂ ತಾವು ಸಂತೋಷದಿಂದ ತಲೆಬಾಗುವುದಾಗಿ ಭಾಷಣ ಮಾಡಿದರು. ವಾಸ್ತವದಲ್ಲಿ ಅವರು ಕೆಲವು ನ್ಯಾಯಾಧೀಶರೊಂದಿಗೆ ಗುಟ್ಟಾಗಿ ಪತ್ರ ವ್ಯವಹಾರ ನಡೆಸಿ ತೀರ್ಪಿನ ದಿಕ್ಕನ್ನು ಮೊದಲೇ ತಿಳಿದುಕೊಂಡಿದ್ದರು.

ಆದರೆ ಆ ಪೀಠದಲ್ಲಿ ಎರಡು ದನಿಗಳು ಬೇರೆಯಾಗಿದ್ದವು. ಜಾನ್ ಮೆಕ್ಲೀನ್ ಮತ್ತು ಬೆಂಜಮಿನ್ ಕರ್ಟಿಸ್ ಭಿನ್ನಮತದ ತೀರ್ಪು ಬರೆದರು. ಕರ್ಟಿಸ್ ಭಾವುಕವಾಗಿ ಮಾತನಾಡಲಿಲ್ಲ, ದಾಖಲೆಗಳನ್ನು ತೆರೆದಿಟ್ಟರು. ಸಂವಿಧಾನಕ್ಕಿಂತ ಮೊದಲೇ ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್, ನ್ಯೂಜೆರ್ಸಿ, ಉತ್ತರ ಕೆರೊಲಿನಾ ಈ ಐದು ರಾಜ್ಯಗಳಲ್ಲಿ ಸ್ವತಂತ್ರ ಕಪ್ಪು ವರ್ಣೀಯರಿಗೆ ಮತದಾನದ ಹಕ್ಕಿತ್ತು. ಸಂವಿಧಾನವನ್ನು ಸ್ಥಾಪಿಸಿದ ಜನರಲ್ಲಿ ಅವರೂ ಸೇರಿದ್ದರು, ಹಾಗಿರುವಾಗ ಅವರು ಪೌರರಲ್ಲವೆನ್ನುವುದು ಹೇಗೆ ಎಂದು ಪ್ರಶ್ನಿಸಿದರು. ವಿಚಾರಣೆಯ ಅಧಿಕಾರವೇ ಇಲ್ಲವೆಂದ ನ್ಯಾಯಾಲಯವು ಮಿಸೌರಿ ಒಪ್ಪಂದವನ್ನು ರದ್ದುಪಡಿಸುವ ಅಧಿಕಾರವನ್ನು ಎಲ್ಲಿಂದ ಪಡೆಯಿತು ಎಂದೂ ಕೇಳಿದರು. ಅದೇ ವರ್ಷ ಅವರು ಹುದ್ದೆಗೆ ರಾಜೀನಾಮೆ ನೀಡಿದರು.

ಈ ತೀರ್ಪು ಕಾಗದದಲ್ಲಿ ಮಾತ್ರ ಉಳಿಯಿತೆಂದು ಭಾವಿಸಬೇಡಿ. ಬಾಸ್ಟನ್ನಿನ ಜಾನ್ ರಾಕ್ ಎಂಬ ಕಪ್ಪು ವರ್ಣೀಯ ವೈದ್ಯರು 1858ರಲ್ಲಿ ಚಿಕಿತ್ಸೆಗಾಗಿ ಫ್ರಾನ್ಸ್‌ಗೆ ಹೋಗಬೇಕಾಗಿತ್ತು. ಅವರು ಹುಟ್ಟಿನಿಂದಲೇ ಸ್ವತಂತ್ರರು, ಉನ್ನತ ವಿದ್ಯಾವಂತರು. ಆದರೂ ಪೌರರಲ್ಲವೆಂಬ ಕಾರಣಕ್ಕೆ ಕೇಂದ್ರ ಸರಕಾರವು ಪಾಸ್‌ಪೋರ್ಟ್ ನಿರಾಕರಿಸಿತು. ಕೊನೆಗೆ ಮ್ಯಾಸಚೂಸೆಟ್ಸ್ ರಾಜ್ಯವೇ ಅವರಿಗೆ ಪ್ರಯಾಣದ ಪತ್ರ ನೀಡಬೇಕಾಯಿತು. ಗುಲಾಮಗಿರಿಯನ್ನು ಎಂದೂ ಕಾಣದವನನ್ನೂ ಗುಲಾಮಗಿರಿಯ ತೀರ್ಪು ಹಿಡಿದು ನಿಲ್ಲಿಸಿತು.

ತೀರ್ಪಿಗೆ ಸಂತ್ರಸ್ತರು ಹೇಗೆ ಪ್ರತಿಕ್ರಿಯಿಸಿದರು? ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಾಸ್ ಅದೇ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಮಾತನಾಡುತ್ತ, ತಮ್ಮ ಭರವಸೆ ಹಿಂದೆಂದಿಗಿಂತ ಹೆಚ್ಚಾಗಿದೆ ಎಂದರು. ಈ ತೀರ್ಪೇ ಗುಲಾಮ ವ್ಯವಸ್ಥೆಯ ಪತನಕ್ಕೆ ದಾರಿಯಾಗುವ ಸರಪಳಿಯ ಒಂದು ಕೊಂಡಿಯಾಗಬಹುದು ಎಂಬುದು ಅವರ ನಿಲುವಾಗಿತ್ತು. ಇಲಿನಾಯ್‌ನ ವಕೀಲ ಅಬ್ರಹಾಂ ಲಿಂಕನ್ ಇನ್ನೊಂದು ಮಾರ್ಗವನ್ನು ತೋರಿಸಿದರು. ತೀರ್ಪಿನ ವಿರುದ್ಧ ಬಲಪ್ರಯೋಗವಿಲ್ಲ, ಆದರೆ ಅದು ತಪ್ಪು. ಅದನ್ನು ಬದಲಾಯಿಸಲು ಪ್ರಯತ್ನಿಸುವುದು ನಮ್ಮ ಹಕ್ಕು ಎಂದು ಅವರು ವಾದಿಸಿದರು. ಆ ವಾದವನ್ನು ಊರೂರಿಗೆ ಒಯ್ದ ಅವರು 1860ರಲ್ಲಿ ಅಧ್ಯಕ್ಷರಾಗಿ ಚುನಾಯಿತರಾದರು. ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದವು. 1861ರಿಂದ 1865ರ ವರೆಗಿನ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರು ಸತ್ತರು. ಗುಲಾಮಗಿರಿಯ ವಿವಾದವನ್ನು ಶಾಶ್ವತವಾಗಿ ಮುಗಿಸುತ್ತೇವೆ ಎಂದುಕೊಂಡಿದ್ದ ತೀರ್ಪು ಆ ಯುದ್ಧವನ್ನು ಹತ್ತಿರಕ್ಕೆ ತಂದಿತು.

ಡ್ರೆಡ್ ಸ್ಕಾಟ್‌ನ ಗತಿ ಏನಾಯಿತು? ಐರೀನ್ ಎರಡನೆಯ ಬಾರಿ ವಿವಾಹವಾದ ವ್ಯಕ್ತಿ ಗುಲಾಮಗಿರಿಯ ವಿರೋಧಿಯಾದ ಸಂಸತ್ ಸದಸ್ಯನಾಗಿದ್ದನು. ಮುಜುಗರಕ್ಕೊಳಗಾದ ಆ ಕುಟುಂಬವು ಸ್ಕಾಟ್ ಕುಟುಂಬವನ್ನು ಟೇಲರ್ ಬ್ಲೋಗೆ ಒಪ್ಪಿಸಿತು. ತೀರ್ಪು ಬಂದು ಮೂರು ತಿಂಗಳೊಳಗೆ, ಮೇ 26ರಂದು, ಟೇಲರ್ ಬ್ಲೋ ಅವರನ್ನು ಬಿಡುಗಡೆ ಮಾಡಿದನು. ಡ್ರೆಡ್ ಸೇಂಟ್ ಲೂಯಿಸ್‌ನ ಹೋಟೆಲೊಂದರಲ್ಲಿ ಹಮಾಲಿಯಾಗಿ ದುಡಿದನು. 1858ರ ಸೆಪ್ಟೆಂಬರ್ 17ರಂದು ಕ್ಷಯರೋಗದಿಂದ ತೀರಿಕೊಂಡನು. 11 ವರ್ಷ ಹೋರಾಡಿದವನಿಗೆ ದೊರೆತ ಸ್ವಾತಂತ್ರ್ಯ ಒಂದೂವರೆ ವರ್ಷಕ್ಕಿಂತಲೂ ಕಡಿಮೆ. ಹ್ಯಾರಿಯೆಟ್ 1876ರ ವರೆಗೆ ಬದುಕಿದ್ದು ಗುಲಾಮಗಿರಿಯ ಅಂತ್ಯವನ್ನು ಕಂಡಳು.

ಈಗ ಕಾನೂನಿನ ಪರಿಣಾಮಗಳತ್ತ ಬರೋಣ. 1865ರಲ್ಲಿ 13ನೆಯ ತಿದ್ದುಪಡಿಯು ಗುಲಾಮಗಿರಿಯನ್ನು ರದ್ದುಗೊಳಿಸಿತು. 1868ರಲ್ಲಿ 14ನೆಯ ತಿದ್ದುಪಡಿಯು, ಅಮೆರಿಕಾದಲ್ಲಿ ಹುಟ್ಟಿ ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟವರೆಲ್ಲರೂ ಪೌರರು ಎಂದು ಸಾರಿತು. ಟಾನಿಯವರ ತೀರ್ಪಿಗೆ ಕೊಟ್ಟ ನೇರ ಉತ್ತರವದು. ಮುಂದೆ ಯಾವ ನ್ಯಾಯಾಧೀಶರೂ ಬಣ್ಣವನ್ನು ನೋಡಿ ಪೌರತ್ವವನ್ನು ಕಿತ್ತುಕೊಳ್ಳದಂತೆ ಅದನ್ನು ಸಂವಿಧಾನದೊಳಗೇ ಬರೆಯಲಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ಹೆತ್ತವರಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಯುವಕನನ್ನು 1895ರಲ್ಲಿ ಬಂದರಿನಲ್ಲಿ ತಡೆದಾಗ ಅವನನ್ನು ಕಾಪಾಡಿದ್ದು ಇದೇ ವಾಕ್ಯ. 1898ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವನು ಹುಟ್ಟಿನಿಂದ ಪೌರನೆಂದು ಒಪ್ಪಿತು. ಪಾಸ್‌ಪೋರ್ಟ್ ನಿರಾಕರಿಸಲ್ಪಟ್ಟಿದ್ದ ಜಾನ್ ರಾಕ್ ಬಳಿಕ ವಕೀಲರಾಗಿ, ಟಾನಿ ತೀರಿಕೊಂಡ ಕೆಲವೇ ತಿಂಗಳುಗಳಲ್ಲಿ, 1865ರ ಫೆಬ್ರವರಿ 1ರಂದು, ಅದೇ ಸರ್ವೋಚ್ಚ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವ ಅರ್ಹತೆ ಪಡೆದ ಮೊದಲ ಕಪ್ಪು ವರ್ಣೀಯರಾದರು.

ಆ 14ನೆಯ ತಿದ್ದುಪಡಿಯ ಇನ್ನೊಂದು ಮಾತು ಸಾಗರ ದಾಟಿ ನಮ್ಮ ಮನೆಯವರೆಗೂ ಬಂದಿದೆ. ಯಾವ ವ್ಯಕ್ತಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸಬಾರದು ಎಂಬ ಅದರ ತತ್ವವನ್ನು ಭಾರತದ ಸಂವಿಧಾನ ರಚಿಸಿದವರು ನಮ್ಮ 14ನೆಯ ವಿಧಿಯಲ್ಲಿ ಸೇರಿಸಿದರು. ಅದು ಪೌರರಿಗೆ ಮಾತ್ರವಲ್ಲ, ಈ ನೆಲದ ಮೇಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಅನ್ವಯಿಸುತ್ತದೆ. ಡ್ರೆಡ್ ಮತ್ತು ಹ್ಯಾರಿಯೆಟ್‌ರ ಸೋಲಿನಿಂದ ಹುಟ್ಟಿದ ಫಲದಲ್ಲಿ ನಮಗೂ ಪಾಲಿದೆ.

ಆದರೆ ಕಾನೂನು ಬದಲಾದೊಡನೆ ಸಮಾಜ ಬದಲಾಯಿತೇ? ಇಲ್ಲ. ಸುಮಾರು 40 ಲಕ್ಷ ಗುಲಾಮರು ಬಿಡುಗಡೆಯಾದರು, ಆದರೆ ಬಹುತೇಕರ ಕೈಯಲ್ಲಿ ಭೂಮಿಯಿರಲಿಲ್ಲ, ಅಕ್ಷರವಿರಲಿಲ್ಲ. 13ನೆಯ ತಿದ್ದುಪಡಿಯು ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದ ದುಡಿಮೆಗೆ ಅವಕಾಶವಿಟ್ಟಿತ್ತು. ದಕ್ಷಿಣದ ರಾಜ್ಯಗಳು ಅಲೆದಾಟವನ್ನು ಕೂಡ ಅಪರಾಧವನ್ನಾಗಿಸಿ, ಕೈದಿಗಳನ್ನು ತೋಟಗಳಿಗೂ ಗಣಿಗಳಿಗೂ ಬಾಡಿಗೆಗೆ ಕೊಟ್ಟವು. 1896ರಲ್ಲಿ ಪ್ಲೆಸ್ಸಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ರೈಲಿನಲ್ಲಿ ಕಪ್ಪು ವರ್ಣೀಯರನ್ನು ಪ್ರತ್ಯೇಕವಾಗಿ ಕೂರಿಸುವ ಕಾನೂನನ್ನು ಎತ್ತಿಹಿಡಿಯಿತು. ಒಬ್ಬರೇ ಭಿನ್ನಮತ ಬರೆದ ನ್ಯಾಯಾಧೀಶ ಜಾನ್ ಹಾರ್ಲನ್, ಇದು ಮುಂದೆ ಡ್ರೆಡ್ ಸ್ಕಾಟ್ ತೀರ್ಪಿನಷ್ಟೇ ಹಾನಿಕರವಾಗುವುದೆಂದು ಎಚ್ಚರಿಸಿದರು. ಅವರ ಮಾತು ಫಲಿಸಲು 58 ವರ್ಷಗಳು ಬೇಕಾದವು. 1954ರ ಬ್ರೌನ್ ತೀರ್ಪು ಶಾಲೆಗಳಲ್ಲಿ ಪ್ರತ್ಯೇಕತೆಯನ್ನು ಕೊನೆಗೊಳಿಸಿತು. ಮತದಾನದ ಹಕ್ಕಿಗೆ ನಿಜವಾದ ರಕ್ಷಣೆ ದೊರೆತದ್ದು 1965ರಲ್ಲಿ. ಈ ನೆಲದ ಮೂಲನಿವಾಸಿಗಳಾದ ಬುಡಕಟ್ಟುಗಳ ಎಲ್ಲರಿಗೂ ಪೌರತ್ವ ದೊರೆತದ್ದು 1924ರಲ್ಲಿ.

ಇಷ್ಟನ್ನು ಕೇಳಿ, ಅಮೆರಿಕಾದ ಪಾಪವನ್ನು ಎಣಿಸಿ ಸಮಾಧಾನಪಡುವುದು ಸುಲಭ. ನಾವು ಆ ತಪ್ಪು ಮಾಡಬಾರದು. ಗುಲಾಮನನ್ನು ಬಿಡುಗಡೆ ಮಾಡುವುದು ಪುಣ್ಯಕಾರ್ಯವೆಂದು ನಂಬಿದ ಮುಸ್ಲಿಮ್ ಸಮಾಜಗಳಲ್ಲಿಯೂ ಗುಲಾಮರ ಸಂತೆಗಳು ಶತಮಾನಗಳ ಕಾಲ ನಡೆದವು. ಡ್ರೆಡ್ ಮತ್ತು ಹ್ಯಾರಿಯೆಟ್ ದಾವೆ ಹೂಡಿದ ಅದೇ 1846ರಲ್ಲಿ ಟ್ಯುನೀಶಿಯಾದ ದೊರೆ ಅಹ್ಮದ್ ಬೇ ಗುಲಾಮಗಿರಿಯನ್ನು ರದ್ದುಗೊಳಿಸಿದನು. ಅದು ನಮಗೆ ಹೆಮ್ಮೆಯ ಸಂಗತಿ. ಆದರೆ ಸೌದಿ ಅರೇಬಿಯಾದಲ್ಲಿ ಅದು ರದ್ದಾದದ್ದು 1962ರಲ್ಲಿ. ಮಾರಿಟಾನಿಯಾದಲ್ಲಿ 1981ರಲ್ಲಿ ರದ್ದಾಗಿ, 2007ರಲ್ಲಷ್ಟೇ ಶಿಕ್ಷಾರ್ಹ ಅಪರಾಧವಾಯಿತು. ಅದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ ನಮಗಿರಬೇಕು. ಅಮೆರಿಕಾಕ್ಕೆ ಸಾಗಿಸಲ್ಪಟ್ಟವರಲ್ಲಿ ಮುಸ್ಲಿಮರೂ ಇದ್ದರು. ಸೆನೆಗಲ್ ಕಡೆಯ ವಿದ್ವಾಂಸ ಉಮರ್ ಇಬ್ನ್ ಸಯೀದ್ 1831ರಲ್ಲಿ ಉತ್ತರ ಕೆರೊಲಿನಾದಲ್ಲಿ ಗುಲಾಮನಾಗಿದ್ದುಕೊಂಡೇ ಅರಬಿ ಭಾಷೆಯಲ್ಲಿ ತನ್ನ ಆತ್ಮಕಥೆ ಬರೆದನು. ಟಾನಿ ತೀರ್ಪು ಓದಿದಾಗ ಅವನು ಇನ್ನೂ ಬದುಕಿದ್ದನು. ಸ್ವಾತಂತ್ರ್ಯ ಕಾಣದೆಯೇ, ಅಂತರ್ಯುದ್ಧ ಮುಗಿಯುವ ಮುನ್ನ ತೀರಿಕೊಂಡನು.

ಕಾಲವು ತನ್ನ ತೀರ್ಪನ್ನು ನಿಧಾನವಾಗಿ ಬರೆಯುತ್ತದೆ. 2012ರಲ್ಲಿ ಸೇಂಟ್ ಲೂಯಿಸ್‌ನ ಹಳೆಯ ನ್ಯಾಯಾಲಯದ ಮುಂದೆ ಡ್ರೆಡ್ ಮತ್ತು ಹ್ಯಾರಿಯೆಟ್‌ರ ಪ್ರತಿಮೆ ಸ್ಥಾಪನೆಯಾಯಿತು. 2017ರ ಮಾರ್ಚ್‌ನಲ್ಲಿ ಟಾನಿಯವರ ವಂಶಸ್ಥರು ಸ್ಕಾಟ್ ವಂಶಸ್ಥರ ಬಳಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮೇರಿಲ್ಯಾಂಡ್‌ನ ಶಾಸನಸಭೆಯ ಆವರಣದಿಂದ ಟಾನಿಯವರ ಪ್ರತಿಮೆಯನ್ನು ತೆಗೆಯಲಾಯಿತು. ಬಹುಕಾಲ ಗುರುತಿಲ್ಲದೆ ಇದ್ದ ಡ್ರೆಡ್ ಸ್ಕಾಟ್‌ನ ಸಮಾಧಿಗೆ 1957ರಲ್ಲಿ ಕಲ್ಲು ನೆಡಲಾಯಿತು. ಇಂದು ಅಲ್ಲಿಗೆ ಹೋದವರು ಲಿಂಕನ್‌ರ ಚಿತ್ರವಿರುವ ಸಣ್ಣ ನಾಣ್ಯಗಳನ್ನು ಇಟ್ಟು ಬರುತ್ತಾರೆ.

ಹಾಗೆಂದು ಪ್ರಶ್ನೆ ಮುಗಿದಿಲ್ಲ. 2025ರ ಜನವರಿಯಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹುಟ್ಟಿನ ಪೌರತ್ವವನ್ನು ಸೀಮಿತಗೊಳಿಸುವ ಆದೇಶಕ್ಕೆ ಸಹಿ ಹಾಕಿದರು. ಹಲವು ನ್ಯಾಯಾಲಯಗಳು ಅದಕ್ಕೆ ತಡೆ ನೀಡಿದವು, ವಿವಾದವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆ ವಾದಗಳಲ್ಲಿ ಡ್ರೆಡ್ ಸ್ಕಾಟ್‌ನ ಹೆಸರು ಮತ್ತೆ ಕೇಳಿಬಂತು. ಪೌರ ಯಾರು ಎಂಬ ಪ್ರಶ್ನೆಯನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿ ಎದುರಿಸಬೇಕಾಗುತ್ತದೆ.

ಸಹೋದರ ಸಹೋದರಿಯರೇ, ಈ ಇತಿಹಾಸದಿಂದ ನಾವು ಮೂರು ಮಾತುಗಳನ್ನು ಮನೆಗೆ ಕೊಂಡೊಯ್ಯೋಣ. ಮೊದಲನೆಯದು, ತಪ್ಪು ತೀರ್ಪಿಗೆ ಉತ್ತರ ಹತಾಶೆಯೂ ಅಲ್ಲ, ಆವೇಶವೂ ಅಲ್ಲ. ದಾವೆ, ದಾಖಲೆ, ವಾದ, ಜನಾಭಿಪ್ರಾಯ, ಶಾಸನ ಎಂಬ ದೀರ್ಘ ದಾರಿಯೇ ಉತ್ತರ. ಓದು ಬರಹ ತಿಳಿಯದ ದಂಪತಿ ನ್ಯಾಯಾಲಯದ ಬಾಗಿಲು ತಟ್ಟಿದರೆಂದಾದರೆ, ವಿದ್ಯಾವಂತರಾದ ನಮ್ಮ ಮಕ್ಕಳು ಕಾನೂನನ್ನು ಕಲಿಯಲು ಹಿಂಜರಿಯುವುದೇಕೆ? ಎರಡನೆಯದು, ಸೋತ ದನಿಯನ್ನು ಕಡೆಗಣಿಸಬಾರದು. ಕರ್ಟಿಸ್ ಅಂದು ಸೋತರು. ಹನ್ನೊಂದು ವರ್ಷಗಳಲ್ಲಿ ಅವರ ನಿಲುವೇ ಸಂವಿಧಾನವಾಯಿತು. ಮೂರನೆಯದು, ಕಾನೂನು ಕೊಟ್ಟ ಸಮಾನತೆಯನ್ನು ಮನೆಯಲ್ಲಿ, ಅಂಗಡಿಯಲ್ಲಿ, ನೆರೆಹೊರೆಯಲ್ಲಿ ಬಾಳದಿದ್ದರೆ ಅದು ಕಾಗದದಲ್ಲಿಯೇ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ದುಡಿಯುವ ಹೆಣ್ಣುಮಗಳಿಗೆ, ನಮ್ಮ ಅಂಗಡಿಯಲ್ಲಿ ಮೂಟೆ ಹೊರುವ ಹುಡುಗನಿಗೆ ನಾವು ಗೌರವಿಸಲೇಬೇಕಾದ ಹಕ್ಕುಗಳಿವೆ ಎಂಬುದನ್ನು ನಾವು ಒಪ್ಪಿದ್ದೇವೆಯೇ? ಟಾನಿಯವರನ್ನು ಖಂಡಿಸುವ ಮೊದಲು ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳೋಣ.